ಟೈಪಿಂಗ್ ಬಲ್ಲವರಿಗೆ ಕಪ್ಪು ಪರದೆ ಹೊಸದಲ್ಲ

ಸಂಪಾದಕರಿಗೆ,

ಮಾನ್ಯರೇ,

ಪಿಯುಸಿ ಪರೀಕ್ಷೆ ಮುಗಿದು ಮಕ್ಕಳು ಮನೆಯಲ್ಲಿರುವ ಈ ದಿನಗಳಲ್ಲಿ ಉಡುಪಿಯ ಬಸ್ ನಿಲ್ದಾಣದಿಂದ ಮಣಿಪಾಲದವರೆಗೆ ರಸ್ತೆಯ ಎರಡೂ ಬದಿಗೆ ಬೇಸಗೆ ಕಂಪ್ಯೂಟರ್ ತರಗತಿಗಳ ಬ್ಯಾನರುಗಳು ಕಟ್ಟಲ್ಪಟ್ಟಿವೆ. ಬೇಸಿಕ್, ಡಿಟಿಪಿ, ಲೆಕ್ಕಪತ್ರ, ಫೋಟೋ ಎಡಿಟಿಂಗ್ ಎಂಬ ಪಟ್ಟಿಯೂ, ಕೊನೆಯಲ್ಲಿ ಪ್ರಮಾಣಪತ್ರ ನೀಡಲಾಗುವುದೆಂಬ ಭರವಸೆಯೂ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಒಂದೇ. 26 ವರ್ಷಗಳಿಂದ ಉಡುಪಿಯಲ್ಲಿ ಟೈಪಿಂಗ್ ಮತ್ತು ಡಿಟಿಪಿ ಅಂಗಡಿ ನಡೆಸಿಕೊಂಡು ಬಂದವಳಾಗಿ, ಇಂಥ ತರಗತಿಗಳಿಂದ ಹೊರಬಂದ ಹಲವರನ್ನು ಕೆಲಸಕ್ಕೆ ಇಟ್ಟುಕೊಂಡು ನೋಡಿದವಳಾಗಿ, ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಒಂದು ವಿಷಯದ, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಕಮಾಂಡ್ ಲೈನ್‌ನ ಕುರಿತು ತಮ್ಮ ಪತ್ರಿಕೆಯ ಮೂಲಕ ಹೆತ್ತವರ ಮತ್ತು ತರಗತಿ ನಡೆಸುವವರ ಗಮನ ಸೆಳೆಯಲು ಬಯಸುತ್ತೇನೆ.

ಕಳೆದ ವರ್ಷ ನಮ್ಮಲ್ಲಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಆರು ತಿಂಗಳ ಕೋರ್ಸ್ ಮುಗಿಸಿ ಬಂದಿದ್ದಳು. ಬೆರಳು ಚುರುಕು, ಕನ್ನಡದಲ್ಲಿ ಕಾಗುಣಿತದ ತಪ್ಪು ಕಡಿಮೆ. ಬಾಡಿಗೆ ಕರಾರು ಪತ್ರವೊಂದನ್ನು ಟೈಪ್ ಮಾಡಿ ಮುಗಿಸಿದವಳನ್ನು, ಫೈಲ್ ಎಲ್ಲಿ ಸೇವ್ ಮಾಡಿದ್ದೀ ಎಂದು ಕೇಳಿದೆ. "ವರ್ಡ್‌ನಲ್ಲಿ ಉಂಟಲ್ಲ ಅಕ್ಕಾ" ಎಂದಳು. ವರ್ಡ್‌ನಲ್ಲಿ ಎಂದರೆ ಎಲ್ಲಿ ಎಂದು ಮತ್ತೆ ಕೇಳಿದ್ದಕ್ಕೆ, "ಓಪನ್ ಮಾಡಿದರೆ ಅಲ್ಲೇ ಬರ್ತದೆ" ಎಂದಳು. ಇತ್ತೀಚೆಗೆ ತೆರೆದ ಫೈಲ್‌ಗಳ ಪಟ್ಟಿ ಅವಳ ಪಾಲಿಗೆ ಕಪಾಟು. ನಾಲ್ಕು ದಿನ ಕಳೆದು ಬೇರೆ ಕೆಲಸಗಳು ಬಂದು ಆ ಪಟ್ಟಿಯಿಂದ ಕರಾರು ಪತ್ರ ಕೆಳಗೆ ಜಾರಿದಾಗ ಅವಳ ಲೆಕ್ಕದಲ್ಲಿ ಅದು ಕಳೆದೇ ಹೋಗಿತ್ತು; ಹುಡುಕಿದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 'ಡಾಕ್ಯುಮೆಂಟ್ 14' ಎಂಬ ಹೆಸರಿನಲ್ಲಿ ಸುಖವಾಗಿ ಕುಳಿತಿತ್ತು. ಇದರಲ್ಲಿ ಆ ಹುಡುಗಿಯ ದಡ್ಡತನವೇನೂ ಇಲ್ಲ. ಫೈಲ್ ಬೇರೆ, ಅದನ್ನು ತೆರೆಯುವ ಪ್ರೋಗ್ರಾಮ್ ಬೇರೆ, ಫೈಲಿಗೆ ಒಂದು ಹೆಸರೂ ಒಂದು ವಿಳಾಸವೂ ಇರುತ್ತದೆ ಎಂಬ ಮೂಲ ಸಂಗತಿಯನ್ನು ಆರು ತಿಂಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಯಾವ ಗುಂಡಿ ಯಾವ ಮೆನುವಿನಲ್ಲಿದೆ ಎಂಬುದನ್ನು ಮಾತ್ರ ಕಲಿಸಿದ್ದರು. ಆ ಸಾಫ್ಟ್‌ವೇರ್‌ನ ಮುಂದಿನ ಆವೃತ್ತಿ ಬಂದು ಗುಂಡಿಗಳು ಜಾಗ ಬದಲಿಸಿದ ದಿನ ಆ ಪಾಠ ಮುಗಿಯುತ್ತದೆ.

ಕಂಪ್ಯೂಟರ್ ಕಲಿಕೆಯ ಮೊದಲ ಹದಿನೈದು ದಿನ ಮೌಸನ್ನು ಬದಿಗಿಟ್ಟು, ಯುನಿಕ್ಸ್ (ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ) ಮಾದರಿಯ ಕಮಾಂಡ್ ಲೈನ್‌ನಲ್ಲಿ, ಅಂದರೆ ಚಿತ್ರ, ಗುಂಡಿ, ಮೆನು ಯಾವುದೂ ಇಲ್ಲದೆ ಆಜ್ಞೆಗಳನ್ನು ಟೈಪ್ ಮಾಡಿಯೇ ಕೆಲಸ ಮಾಡಿಸಿಕೊಳ್ಳುವ ಕಪ್ಪು ಪರದೆಯ ಮುಂದೆ ಮಕ್ಕಳನ್ನು ಕೂರಿಸಬೇಕೆಂಬುದು ನನ್ನ ಸಲಹೆ. ಅಲ್ಲಿ 'ಪಿಡಬ್ಲ್ಯೂಡಿ' ಎಂದು ಹೊಡೆದು ಎಂಟರ್ ಒತ್ತಿದರೆ ನಾವು ಈಗ ಯಾವ ಫೋಲ್ಡರಿನಲ್ಲಿ ನಿಂತಿದ್ದೇವೆ ಎಂಬುದನ್ನು ಪೂರ್ತಿ ವಿಳಾಸ ಸಮೇತ ಹೇಳುತ್ತದೆ (ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ, ಇದು ಕೇಳಿದ ತಕ್ಷಣ ಉತ್ತರ ಕೊಡುತ್ತದೆ). 'ಎಲ್ಎಸ್' ಎಂದರೆ ಅಲ್ಲಿ ಏನೇನಿದೆ ಎಂಬ ಪಟ್ಟಿ. 'ಸಿಡಿ' ಎಂದರೆ ಬೇರೆ ಫೋಲ್ಡರಿಗೆ ಹೋಗುವುದು. 'ಎಂಕೆಡಿಐಆರ್' ಹೊಸ ಫೋಲ್ಡರ್ ಮಾಡುತ್ತದೆ, 'ಸಿಪಿ' ಪ್ರತಿ ತೆಗೆಯುತ್ತದೆ, 'ಎಂವಿ' ಜಾಗ ಅಥವಾ ಹೆಸರು ಬದಲಿಸುತ್ತದೆ. ಓದುಗರ ಅನುಕೂಲಕ್ಕಾಗಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು, ಏಕೆಂದರೆ ಯುನಿಕ್ಸ್‌ಗೆ ದೊಡ್ಡಕ್ಷರವೂ ಸಣ್ಣಕ್ಷರವೂ ಬೇರೆಬೇರೆ. ಈ ಆರು ಆಜ್ಞೆಗಳನ್ನು ನಾಲ್ಕು ದಿನ ಬಳಸಿದವರಿಗೆ ಕಂಪ್ಯೂಟರಿನ ಒಳಗಿನ ಊರು, ಕೇರಿ, ದಾರಿ ಕಣ್ಣಿಗೆ ಕಟ್ಟುತ್ತದೆ. ನಮ್ಮ ಆ ಹುಡುಗಿಗೂ ಹಾಗೆಯೇ ಆಯಿತು. ಮೂರನೆಯ ದಿನ ಅವಳೇ 2023, 2024 ಎಂದು ವರ್ಷವಾರು ಫೋಲ್ಡರ್ ಮಾಡಿ ಅಂಗಡಿಯ ಕರಾರು ಪತ್ರಗಳನ್ನೆಲ್ಲ ಒಳಗೆ ಸಾಲಾಗಿ ಇಟ್ಟಳು. ಅದನ್ನು ಮಾಡೆಂದು ನಾನು ಹೇಳಿರಲಿಲ್ಲ.

ಕಪ್ಪು ಪರದೆ ಎಂದ ಕೂಡಲೇ ಜನ ಹಿಂಜರಿಯುವುದುಂಟು. ನನ್ನದೇ ಅನುಭವ ಹೇಳುವುದಾದರೆ, 46ನೆಯ ವಯಸ್ಸಿನಲ್ಲಿ, ದೀಪಾವಳಿಗೆ ಬಂದ ಅಕ್ಕನ ಮಗ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಯುನಿಕ್ಸ್‌ನಂತೆಯೇ ನಡೆಯುವ ಲಿನಕ್ಸ್ ಹಾಕಿ, "ಚಿಕ್ಕಮ್ಮಾ, ನಿಮಗೆ ಟೈಪಿಂಗ್ ಬರ್ತದಲ್ಲ, ಅಷ್ಟು ಸಾಕು" ಎಂದು ನನ್ನನ್ನು ಅದರ ಮುಂದೆ ಕೂರಿಸಿದಾಗ ನನಗೂ ಹೆದರಿಕೆಯೇ ಆಗಿತ್ತು. ಆದರೆ ಒಂದು ಗಂಟೆಯಲ್ಲಿ ಎಲ್ಲೋ ನೋಡಿದ ಮುಖದಂತೆ ಅನಿಸತೊಡಗಿತು. 1990ರ ದಶಕದಲ್ಲಿ ಕುಂದಾಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಎ, ಎಸ್, ಡಿ, ಎಫ್ ಎಂದು ವಾರಗಟ್ಟಲೆ ಒಂದೇ ಸಾಲು ಹೊಡೆದು ಜೂನಿಯರ್, ಸೀನಿಯರ್ ಪಾಸು ಮಾಡಿದವಳು ನಾನು. ಅಲ್ಲಿ ಸಾಲು ಮುಗಿದರೆ ಗಾಡಿಯನ್ನು ಕೈಯಿಂದ ಹಿಂದಕ್ಕೆ ತಳ್ಳಬೇಕಿತ್ತು. ಇಲ್ಲಿ ಎಂಟರ್ ಒತ್ತಬೇಕು. ಒಂದು ಸಾಲು ನಮ್ಮದು, ಮುಂದಿನ ಸಾಲು ಯಂತ್ರದ್ದು. ಈ ಹೋಲಿಕೆ ನನ್ನ ಕಲ್ಪನೆಯಲ್ಲ ಎಂಬುದು ಆಮೇಲೆ ತಿಳಿಯಿತು. ಯುನಿಕ್ಸ್ ಹುಟ್ಟಿದ ಕಾಲದಲ್ಲಿ ಪರದೆಯ ಬದಲು ಟೆಲಿಟೈಪ್ ಎಂಬ, ಕಾಗದದ ಸುರುಳಿಯ ಮೇಲೆ ಹೊಡೆಯುವ ಟೈಪ್‌ರೈಟರಿನ ದಾಯಾದಿಯಂಥ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದರು, ಮತ್ತು ಇಂದಿಗೂ ಲಿನಕ್ಸ್‌ನಲ್ಲಿರುವ 'ಟಿಟಿವೈ' ಎಂಬ ಆಜ್ಞೆಯಲ್ಲಿ ಆ ಟೆಲಿಟೈಪಿನ ಹೆಸರೇ ಉಳಿದುಕೊಂಡಿದೆ. ಆಜ್ಞೆಗಳು ಎರಡು ಮೂರು ಅಕ್ಷರಗಳಲ್ಲಿ ಮುಗಿಯುವುದೂ ಆ ನಿಧಾನ ಯಂತ್ರದ, ಗಟ್ಟಿ ಕೀಗಳ ಋಣ.

ಟೈಪಿಸ್ಟರಿಗೂ ಯುನಿಕ್ಸಿಗೂ ಇರುವ ನಂಟು ಇದಕ್ಕಿಂತಲೂ ಆಳವಾದದ್ದು, ಮತ್ತು ಈ ಪತ್ರ ಬರೆಯಲು ನನ್ನನ್ನು ಹುರಿದುಂಬಿಸಿದ್ದೂ ಅದೇ. ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ಕಟ್ಟಲು ತೊಡಗಿದಾಗ ಅವರಿಗೆ ಒಳ್ಳೆಯ ಯಂತ್ರ ಕೊಡಲು ಆಡಳಿತ ಸಿದ್ಧವಿರಲಿಲ್ಲ. ದಾಖಲೆಪತ್ರಗಳನ್ನು ಟೈಪ್ ಮಾಡಿ ತಿದ್ದಿ ಅಚ್ಚುಕಟ್ಟಾಗಿ ಮುದ್ರಿಸುವ ವ್ಯವಸ್ಥೆಯೊಂದನ್ನು ಮಾಡಿಕೊಡುತ್ತೇವೆ ಎಂಬ ಭರವಸೆಯ ಮೇಲೆಯೇ ಅವರಿಗೆ ಪಿಡಿಪಿ-11 ಎಂಬ ಯಂತ್ರ ಸಿಕ್ಕಿತು. 1971ರ ಉತ್ತರಾರ್ಧದಲ್ಲಿ ಅದರ ಮೇಲೆ ದಿನವಿಡೀ ಕೆಲಸ ಮಾಡಿದವರು ಆ ಸಂಸ್ಥೆಯ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು. ಅವರು ಪೇಟೆಂಟ್ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದಂತೆಯೇ ಅದೇ ಯಂತ್ರದಲ್ಲಿ ವಿಜ್ಞಾನಿಗಳು ತಮ್ಮ ಪ್ರಯೋಗ ಮುಂದುವರಿಸುತ್ತಿದ್ದರು. ಇಡೀ ಯಂತ್ರದ ಸ್ಮರಣೆ 24 ಕಿಲೋಬೈಟ್, ಡಿಸ್ಕ್ 512 ಕಿಲೋಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಯದು. ಆ ಟೈಪಿಸ್ಟರು ಶೀರ್ಷಿಕೆಯನ್ನು ನಡುವಿಗೆ ತರಲು ಸ್ಪೇಸ್ ಬಾರ್ ಒತ್ತುತ್ತಾ ಕೂರುತ್ತಿರಲಿಲ್ಲ. ಸಾಲಿನ ಮೊದಲಿಗೆ ಒಂದು ಚುಕ್ಕಿ ಹಾಕಿ 'ಸಿಇ' ಎಂದು ಬರೆದರೆ ಮುಂದಿನ ಸಾಲು ನಡುವಿಗೆ ಬರುತ್ತಿತ್ತು, ಚುಕ್ಕಿ 'ಬಿಪಿ' ಎಂದರೆ ಹೊಸ ಪುಟ. ಬರಹ ಒಂದು ಕಡೆ, ಅದು ಹೇಗೆ ಕಾಣಬೇಕೆಂಬ ಸೂಚನೆ ಇನ್ನೊಂದು ಕಡೆ. ಕಂಪ್ಯೂಟರ್ ವಿಜ್ಞಾನಿಗಳಿಗಾಗಿ ಮಾತ್ರ ಇರುವ ವಿದ್ಯೆ ಇದು ಎಂದು ಭಾವಿಸುವವರು ಆ ಮೂವರನ್ನು ನೆನೆಯಬೇಕು.

ಇನ್ನು ಇದರಿಂದ ನಮ್ಮೂರಿನ ಕೆಲಸಕ್ಕೇನು ಪ್ರಯೋಜನ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ದೇವಸ್ಥಾನವೊಂದರ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಕೆಲಸ ನಮಗೆ ಬಂದಿತ್ತು. ದೇಣಿಗೆ ಕೊಟ್ಟವರ ಪಟ್ಟಿ ಮೂರು ಸಾವಿರ ಹೆಸರುಗಳ ಹತ್ತಿರ. ಐದು ಸಮಿತಿಯವರು ಐದು ಬಗೆಯಲ್ಲಿ, ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ, ಒಬ್ಬರು ರಶೀದಿ ಪುಸ್ತಕದ ಪ್ರತಿಯಲ್ಲಿ, ಹೀಗೆ ತಂದುಕೊಟ್ಟದ್ದು. ಒಂದೇ ಹೆಸರು ಎರಡು ಸಲ ಅಚ್ಚಾದರೆ ನಗೆಪಾಟಲು, ಒಂದು ಹೆಸರು ಬಿಟ್ಟುಹೋದರೆ ಅದರ ಗೌಜಿ ಮುಂದಿನ ವರ್ಷದ ಜಾತ್ರೆಯವರೆಗೂ ಮುಗಿಯದು. ಹಿಂದೆಲ್ಲ ಇಬ್ಬರು ಸ್ಕೇಲು, ಕೆಂಪು ಪೆನ್ನು ಹಿಡಿದು ಮೂರು ದಿನ ಕೂರುತ್ತಿದ್ದೆವು. ಈ ಸಲ ಐದೂ ಪಟ್ಟಿಗಳನ್ನು ಸಾದಾ ಅಕ್ಷರಗಳ ಫೈಲ್‌ಗಳಾಗಿ ಮಾಡಿ, 'ಕ್ಯಾಟ್' ಆಜ್ಞೆಯಿಂದ ಒಟ್ಟು ಸೇರಿಸಿ, ಅದರ ಫಲವನ್ನು 'ಸಾರ್ಟ್'ಗೆ, ಸಾರ್ಟ್‌ನ ಫಲವನ್ನು 'ಯುನಿಕ್' ಎಂಬುದಕ್ಕೆ ದಾಟಿಸಿದೆವು. ಸಾರ್ಟ್ ಹೆಸರುಗಳನ್ನು ಅನುಕ್ರಮದಲ್ಲಿ ನಿಲ್ಲಿಸುವುದರಿಂದ ಒಂದೇ ಬಗೆಯವು ಅಕ್ಕಪಕ್ಕಕ್ಕೆ ಬರುತ್ತವೆ. ಯುನಿಕ್‌ಗೆ ಮೈನಸ್ ಡಿ ಎಂದು ಸೇರಿಸಿದರೆ ಹೀಗೆ ಪಕ್ಕಪಕ್ಕ ಎರಡು ಸಲ ಬಂದವನ್ನಷ್ಟೇ ಹೆಕ್ಕಿ ತೋರಿಸುತ್ತದೆ. ನಲವತ್ತೊಂದು ಹೆಸರುಗಳು ಬಂದವು, ಎಂಟರ್ ಒತ್ತಿ ಬೆರಳು ಎತ್ತುವುದರೊಳಗೆ. ಆ ನಲವತ್ತೊಂದರಲ್ಲಿ ಯಾವುದು ಒಬ್ಬರದೇ ಹೆಸರು ಎರಡು ಸಲ ಬಂದದ್ದು, ಯಾವುದು ಒಂದೇ ಹೆಸರಿನ ಇಬ್ಬರದು ಎಂಬುದನ್ನು ಹೇಳಲು ಯಂತ್ರದಿಂದಾಗದು. ಸಮಿತಿಯ ಹಿರಿಯರೊಬ್ಬರು ಮನೆ ಹೆಸರು ಹಿಡಿದು ಅರ್ಧ ಗಂಟೆಯಲ್ಲಿ ಬಿಡಿಸಿಕೊಟ್ಟರು.

ಒಂದು ಆಜ್ಞೆಯ ಫಲವನ್ನು ಮುಂದಿನದಕ್ಕೆ ದಾಟಿಸುವ ಈ ಏರ್ಪಾಡಿಗೆ ಪೈಪ್ ಎಂದೇ ಹೆಸರು. ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್‌ರಾಯ್ 1964ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ, ತೋಟಕ್ಕೆ ನೀರು ಬಿಡುವ ಪೈಪಿನ ತುಂಡುಗಳನ್ನು ತಿರುಪಿ ಜೋಡಿಸುವ ಹಾಗೆ ಪ್ರೋಗ್ರಾಮ್‌ಗಳನ್ನೂ ಜೋಡಿಸುವಂತಿರಬೇಕು ಎಂದಿದ್ದರು. 1973ರಲ್ಲಿ ಅದು ಯುನಿಕ್ಸ್‌ಗೆ ಬಂತು. ಅಡಿಕೆ ತೋಟದಲ್ಲಿ ಬೇಸಗೆಯಿಡೀ ಸ್ಪ್ರಿಂಕ್ಲರ್ ಪೈಪು ಬಿಚ್ಚಿ ಕಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲು ಒಂದು ನಿಮಿಷ ಸಾಕು. ನನ್ನ ಪಾಲಿಗೆ ಯುನಿಕ್ಸ್‌ನ ಸಾರವೆಲ್ಲ ಇಲ್ಲಿಯೇ ಇದೆ: ಒಂದೊಂದು ಆಜ್ಞೆಗೂ ಒಂದೊಂದೇ ಸಣ್ಣ ಕೆಲಸ, ದೊಡ್ಡ ಕೆಲಸ ಬಂದರೆ ಜೋಡಿಸಿಕೊಳ್ಳುವ ಜಾಣ್ಮೆ ನಮ್ಮದು.

ಆದರೆ ಆ ಪಟ್ಟಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಚ್ಚಿಗೆ ಹೋಗುವ ಮುನ್ನ ಕಣ್ಣಾಡಿಸುವಾಗ ರಾಜ್‌ಕುಮಾರ್ ಎಂದು ಆರಂಭವಾಗುವ ಹೆಸರೊಂದು ಅದೇ ಊರು, ಅದೇ ಮೊತ್ತದೊಂದಿಗೆ ಎರಡು ಕಡೆ ಕಂಡಿತು. ಕಣ್ಣಿಗೆ ಎರಡೂ ಒಂದೇ, ಯುನಿಕ್‌ಗೆ ಮಾತ್ರ ಬೇರೆಬೇರೆ. ಕಾರಣ ಹುಡುಕಿದಾಗ ಕನ್ನಡ ಟೈಪಿಂಗಿನ ಒಳಗುಟ್ಟೇ ಹೊರಬಿತ್ತು. 'ಜ್' ಅಕ್ಷರಕ್ಕೆ ಮುಂದಿನ 'ಕು' ಒತ್ತಾಗಿ ಸೇರದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಒಂದು ಸಮಿತಿಯವರು ಅದನ್ನು ಹಾಕಿದ್ದರು, ಇನ್ನೊಂದರವರು ಹೆಸರನ್ನು ಎಲ್ಲಿಂದಲೋ ನಕಲು ಮಾಡುವಾಗ ಅದೇ ಸಂಕೇತ ಎರಡು ಸಲ ಬಿದ್ದಿತ್ತು. 'ಸೆಡ್' ಎಂಬ ಆಜ್ಞೆಯಿಂದ ಆ ಕಾಣದ ಸಂಕೇತವನ್ನು ಪಟ್ಟಿಯ ಒಂದು ಪ್ರತಿಯಿಂದ ಪೂರ್ತಿ ತೆಗೆದು ಮತ್ತೆ ಪೈಪಿನಲ್ಲಿ ಹಾಯಿಸಿದಾಗ ಇನ್ನೂ ಏಳು ಹೆಸರುಗಳು ಸಿಕ್ಕಿಬಿದ್ದವು.

ಕನ್ನಡ ಅಕ್ಷರ ಕಂಪ್ಯೂಟರಿನೊಳಗೆ ಹೇಗೆ ಕೂರುತ್ತದೆ ಎಂಬುದನ್ನು ಹೊಸಬರಿಗೆ ತೋರಿಸಲು ಕಮಾಂಡ್ ಲೈನ್‌ಗಿಂತ ಒಳ್ಳೆಯ ಕಪ್ಪುಹಲಗೆ ಇಲ್ಲ. ಫೈಲೊಂದರಲ್ಲಿ 'ಕನ್ನಡ' ಎಂಬ ಒಂದೇ ಪದ ಬರೆದು 'ಡಬ್ಲ್ಯೂಸಿ' ಎಂಬ ಎಣಿಸುವ ಆಜ್ಞೆಗೆ ಕೊಡಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಸಾಲಿನ ಕೊನೆಯ ಗುರುತನ್ನು ಬಿಟ್ಟರೆ ಅದು ಅಕ್ಷರ ಸಂಕೇತಗಳು ಐದು ಎನ್ನುತ್ತದೆ, ಬೈಟ್‌ಗಳು, ಅಂದರೆ ಫೈಲಿನ ಗಾತ್ರ ಅಳೆಯುವ ತುಣುಕುಗಳು, ಹದಿನೈದು ಎನ್ನುತ್ತದೆ. ಕ, ನ, ಒತ್ತಿಗಾಗಿ ಒಂದು ಅರ್ಧಾಕ್ಷರ ಚಿಹ್ನೆ, ಮತ್ತೊಂದು ನ, ಆಮೇಲೆ ಡ: ಹೀಗೆ ಐದು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ, ಸರಕಾರ ಒಪ್ಪಿದ ಕೀಲಿಮಣೆಗೆ ಮೂಲವಾದ ವಿನ್ಯಾಸದಲ್ಲಿ ಈ ಪದ ಹೊಡೆಯಲು ಬೇಕಾಗುವುದೂ ಸರಿಯಾಗಿ ಐದೇ ಕೀ, ನಡುವಿನದು ಒತ್ತಿಗಾಗಿ ಇಂಗ್ಲಿಷಿನ ಎಫ್. ನಿತ್ಯ ಆ ಎಫ್ ಒತ್ತುವ ಎಷ್ಟೋ ಟೈಪಿಸ್ಟರಿಗೆ ತಾವು ಒತ್ತಿದ್ದು ಹಾಗೆಯೇ ಒಂದು ಸಂಕೇತವಾಗಿ ಫೈಲಿನಲ್ಲಿ ಕುಳಿತಿದೆ ಎಂಬುದು ಗೊತ್ತಿಲ್ಲ. ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಶನ್ನಿನವರು ಮುದ್ರಣಾಲಯ ತೆರೆದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನೂ, 1894ರಲ್ಲಿ ಕಿಟೆಲರ ನಿಘಂಟನ್ನೂ ಹೊರತಂದ ಕರಾವಳಿ ಇದು. ಮೊಳೆ ಜೋಡಿಸುತ್ತಿದ್ದ ಕಂಪೋಸಿಟರನಿಗೆ ಅಕ್ಷರ ಯಾವ ಯಾವ ತುಂಡುಗಳಿಂದ ಆಗಿದೆ ಎಂಬುದು ಬೆರಳ ತುದಿಯಲ್ಲಿತ್ತು. ಡಿಟಿಪಿ ಬಂದ ಮೇಲೆ ನಾವು ಅದನ್ನು ಮರೆತೆವು.

ಮರೆತುದರ ಬೆಲೆಯನ್ನು ಈಗ ತೆರುತ್ತಿದ್ದೇವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಗೊತ್ತುಮಾಡಿದ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ನಮ್ಮಂಥ ಪ್ರತಿಯೊಂದು ಅಂಗಡಿಯಲ್ಲಿಯೂ, ಸಂಘ ಸಂಸ್ಥೆಗಳ ಕಚೇರಿಯಲ್ಲಿಯೂ ರಾಶಿ ಬಿದ್ದಿವೆ. ಅವುಗಳಲ್ಲಿ ಇರುವುದು ಕನ್ನಡದ ವೇಷ ಹಾಕಿದ ರೋಮನ್ ಲಿಪಿಯ ಸಂಕೇತಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಬೀಳುತ್ತದೆ. 'ಗ್ರೆಪ್' ಎಂಬ ಹುಡುಕುವ ಆಜ್ಞೆಗೆ 'ಉಡುಪಿ' ಎಂದು ಕೊಟ್ಟು ಸಾವಿರ ಫೈಲ್‌ಗಳಲ್ಲಿ ಹುಡುಕಲು ಕ್ಷಣ ಸಾಕು, ಆದರೆ ಆ ಹಳೆಯ ಫೈಲ್‌ಗಳಲ್ಲಿ ಎಷ್ಟು ಕಡೆ ಉಡುಪಿ ಇದ್ದರೂ ಅದಕ್ಕೆ ಒಂದೂ ಸಿಗದು. ಇದನ್ನು ಕಣ್ಣಾರೆ ಕಂಡ ಮೇಲೆ ನಮ್ಮ ಹುಡುಗಿ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಹೊಸ ಕೆಲಸ ಮಾಡಲು ಒಪ್ಪುವುದಿಲ್ಲ. ಗಿರಾಕಿಗಳೊಂದಿಗೆ ಅವಳೇ ವಾದಿಸುತ್ತಾಳೆ.

ಕೊರತೆಗಳನ್ನು ಮುಚ್ಚಿಟ್ಟರೆ ಪತ್ರ ಪ್ರಾಮಾಣಿಕವಾಗದು. ಈ ಕಪ್ಪು ಪರದೆಯನ್ನು ತೆರೆದುಕೊಡುವ ಟರ್ಮಿನಲ್ ಎಂಬ ಪ್ರೋಗ್ರಾಮ್‌ಗಳು ಹಲವಿದ್ದು, ಅವುಗಳಲ್ಲಿ ಎಷ್ಟೋ ಕಡೆ ಕನ್ನಡದ ಒತ್ತಕ್ಷರಗಳು ಕಳಚಿಕೊಂಡು ಕಾಣುತ್ತವೆ. ಫೈಲಿನೊಳಗೆ ಎಲ್ಲವೂ ಸರಿಯಿದ್ದರೂ ಕಲಿಯುವವರು ಗಾಬರಿಯಾಗುತ್ತಾರೆ. ಸಾರ್ಟ್ ಬರಿಯ ಸಂಕೇತಗಳ ಕ್ರಮವನ್ನು ಹಿಡಿದರೆ, ವರ್ಣಮಾಲೆಯಲ್ಲಿ ಹಕಾರದ ಬಳಿಕ ಬರಬೇಕಾದ ಳಕಾರ ಲಕಾರದ ಬೆನ್ನಿಗೇ ಬಂದುಬಿಡುತ್ತದೆ. ಭಾಷೆಯ ಹೊಂದಾಣಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದು, ಯುನಿಕ್ಸ್ ನಮ್ಮನ್ನು ದೊಡ್ಡವರೆಂದೇ ನಡೆಸಿಕೊಳ್ಳುತ್ತದೆ. 'ಆರ್‌ಎಂ' ಎಂಬ ಅಳಿಸುವ ಆಜ್ಞೆ, ನಿಜವಾಗಿಯೂ ಅಳಿಸಲೇ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ, ಕಸದ ಬುಟ್ಟಿಯಲ್ಲಿಯೂ ಇಡುವುದಿಲ್ಲ. ಕಲಿತ ಎರಡನೆಯ ತಿಂಗಳಲ್ಲಿ ಸಂಘವೊಂದರ ವಾರ್ಷಿಕ ವರದಿಯ ಫೋಲ್ಡರಿನಲ್ಲಿ, ಹೆಸರಿನ ಕೊನೆಗೆ 'ಬ್ಯಾಕ್' ಎಂಬ ಬಾಲವಿದ್ದ ಹಳೆಯ ಪ್ರತಿಗಳನ್ನು ಮಾತ್ರ ತೆಗೆಯಲು ಹೋಗಿ, ನಕ್ಷತ್ರ ಚಿಹ್ನೆಗೂ ಆ ಬಾಲಕ್ಕೂ ನಡುವೆ ತಪ್ಪಿ ಒಂದು ಸ್ಪೇಸ್ ಹೊಡೆದೆ. ಒಂಟಿ ನಕ್ಷತ್ರವೆಂದರೆ ಇರುವ ಎಲ್ಲ ಫೈಲ್‌ಗಳೂ ಎಂದು ಅರ್ಥ. ಎಲ್ಲವನ್ನೂ ಅಳಿಸಿ ಮುಗಿಸಿದ ಮೇಲೆ, 'ಬ್ಯಾಕ್' ಎಂಬ ಫೈಲ್ ಮಾತ್ರ ಸಿಗಲಿಲ್ಲ ಎಂದು ಅದು ವಿನಯದಿಂದ ವರದಿ ಒಪ್ಪಿಸಿತು. ಕರಡಚ್ಚು ಕಾಗದದಲ್ಲಿ ಇದ್ದುದರಿಂದ ಬದುಕಿದೆ. ರಾತ್ರಿ ಎರಡರವರೆಗೆ ಕುಳಿತು ಪುನಃ ಟೈಪ್ ಮಾಡಿದೆ. ಅಂದಿನಿಂದ ಆರ್‌ಎಂ ಹೊಡೆಯುವ ಮುನ್ನ ಅದೇ ಮಾದರಿಯನ್ನು ಎಲ್ಎಸ್‌ಗೆ ಕೊಟ್ಟು ಯಾವ ಯಾವ ಫೈಲ್ ಬರುತ್ತದೆಂದು ನೋಡುವುದು, ಮತ್ತು ಮೈನಸ್ ಐ ಸೇರಿಸಿ ಒಂದೊಂದಕ್ಕೂ ಒಪ್ಪಿಗೆ ಕೇಳುವಂತೆ ಮಾಡುವುದು ಅಂಗಡಿಯ ಕಾನೂನು. ಹೊಸಬರಿಗೆ ಈ ಪಾಠವನ್ನು ಸುಳ್ಳು ಫೈಲ್‌ಗಳ ಮೇಲೆ ಮೊದಲ ವಾರದಲ್ಲಿಯೇ ಮಾಡಬೇಕು.

ಫೈಲ್ ತಿದ್ದುವುದಕ್ಕೆ 'ನ್ಯಾನೋ' ಸಾಕು, ಬೇಕಾದ ಕೀಗಳ ಪಟ್ಟಿ ಪರದೆಯ ತಳದಲ್ಲಿಯೇ ಇರುತ್ತದೆ. ಬಿಲ್ ಜಾಯ್ 1976ರಲ್ಲಿ ಮಾಡಿದ 'ವಿಐ' ಶಕ್ತಿಶಾಲಿಯಾದರೂ ಅದರಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಅದನ್ನು ಇಷ್ಟವಿದ್ದವರು ಆಮೇಲೆ ಕಲಿಯಲಿ.

ಮೌಸ್ ಹಿಡಿದು ವರ್ಡ್ ಅಥವಾ ಲಿಬ್ರೆಆಫೀಸ್ ತೆರೆದು ದಾಖಲೆ ತಯಾರಿಸುವ ಪಾಠ ಇದೆಲ್ಲ ಆದ ಬಳಿಕ ಬರಬೇಕು, ಮತ್ತು ಬೇರೆ ರೀತಿಯಲ್ಲಿ ಬರಬೇಕು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಪದವಿ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಯ ಪೆನ್‌ಡ್ರೈವ್ ಹಿಡಿದು ನಮ್ಮ ಅಂಗಡಿಗೆ ಬರುವುದು ಸಾಮಾನ್ಯವಾಗಿ ಸಲ್ಲಿಸಬೇಕಾದ ಹಿಂದಿನ ದಿನ ಸಂಜೆ. ಫೈಲ್ ಹೆಸರು 'ಫೈನಲ್ 2 ಹೊಸತು'. ತೆರೆದು ಅಡಗಿದ ಗುರುತುಗಳನ್ನು ತೋರಿಸುವ ಗುಂಡಿ ಒತ್ತಿದರೆ ಒಳಗಿನದೆಲ್ಲ ಬಯಲು: ಶೀರ್ಷಿಕೆಯನ್ನು ನಡುವಿಗೆ ತರಲು ಇಪ್ಪತ್ತು ಸ್ಪೇಸ್, ಹೊಸ ಪುಟಕ್ಕೆ ಹೋಗಲು ಹದಿನಾಲ್ಕು ಎಂಟರ್, ಪರಿವಿಡಿಯಲ್ಲಿ ಅಧ್ಯಾಯದ ಹೆಸರಿನಿಂದ ಪುಟಸಂಖ್ಯೆಯವರೆಗೆ ಕೈಯಿಂದ ಹೊಡೆದ ಚುಕ್ಕಿಗಳ ಸಾಲು. ಮಾರ್ಗದರ್ಶಕರು ಒಂದು ಪ್ಯಾರಾ ಸೇರಿಸಲು ಹೇಳಿದ್ದಾರೆ. ಸೇರಿಸಿದೊಡನೆ ಹದಿನಾಲ್ಕು ಎಂಟರುಗಳ ಲೆಕ್ಕ ತಪ್ಪಿ ಅಧ್ಯಾಯದ ಹೆಸರು ಪುಟದ ಅರ್ಧಕ್ಕೆ ಬಂದು ನಿಲ್ಲುತ್ತದೆ, ಪರಿವಿಡಿಯ ಪ್ರತಿ ಸಂಖ್ಯೆಯೂ ಸುಳ್ಳಾಗುತ್ತದೆ. ಆ ಗೋಜಲನ್ನು ಬಿಡಿಸಲು ನಾವು ಗಂಟೆಗೆ ಇಂತಿಷ್ಟು ಎಂದು ಹಣ ತೆಗೆದುಕೊಳ್ಳುತ್ತೇವೆ, ಆದ್ದರಿಂದ ಇದನ್ನು ಬರೆಯುವುದು ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲ. ಶೀರ್ಷಿಕೆಗೆ ಶೀರ್ಷಿಕೆಯ ಸ್ಟೈಲ್ ಕೊಟ್ಟು, ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿ, ಪರಿವಿಡಿಯನ್ನು ಸಾಫ್ಟ್‌ವೇರೇ ಕಟ್ಟುವಂತೆ ಮಾಡಿದ್ದರೆ ಆ ಸಂಜೆ ಅವರು ನಮ್ಮಲ್ಲಿಗೆ ಬರುವ ಅಗತ್ಯವೇ ಇರಲಿಲ್ಲ. ಬರಹವೇ ಬೇರೆ, ಅದರ ಅಲಂಕಾರವೇ ಬೇರೆ ಎಂಬುದನ್ನು ಸಾದಾ ಫೈಲ್‌ಗಳಲ್ಲಿ ಹದಿನೈದು ದಿನ ಕೆಲಸ ಮಾಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ. 1971ರ ಆ ಟೈಪಿಸ್ಟರ ಚುಕ್ಕಿ 'ಬಿಪಿ'ಯೂ ಇಂದಿನ ಕಂಟ್ರೋಲ್-ಎಂಟರೂ ಒಂದೇ ಕೆಲಸದ ಎರಡು ರೂಪ.

ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಆಜ್ಞೆಯನ್ನು ಅದೇ ಬರೆದುಕೊಡುತ್ತದಲ್ಲ ಎಂದು ಗಿರಾಕಿಯೊಬ್ಬರು ಹೇಳಿದರು. ಹೌದು, ಬರೆದುಕೊಡುತ್ತದೆ. ಅದರಲ್ಲಿ ನಕ್ಷತ್ರಕ್ಕೂ ಬಾಲಕ್ಕೂ ನಡುವೆ ಸ್ಪೇಸ್ ಇದೆಯೇ ಎಂದು ಎಂಟರ್ ಒತ್ತುವ ಮೊದಲು ನೋಡಬೇಕಾದವರು ನಾವೇ.

ಖರ್ಚಿನ ಮಾತಿಗೆ ಬಂದರೆ, ಇದಕ್ಕೆ ಹೊಸ ಯಂತ್ರ ಬೇಡ, ಪರವಾನಗಿಯ ಹಣವೂ ಬೇಡ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಯುನಿಕ್ಸ್‌ನ ಮಾದರಿಯಲ್ಲಿಯೇ ನಡೆಯುವ ಉಚಿತ ವ್ಯವಸ್ಥೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಮುಂದಿನ ಆವೃತ್ತಿಗೆ ಏರಲಾಗದ ಎಷ್ಟೋ ಕಂಪ್ಯೂಟರುಗಳು ಕಚೇರಿಗಳ ಮೂಲೆ ಸೇರಿವೆ. ಅಂಥವು ಲಿನಕ್ಸ್‌ಗೆ ಧಾರಾಳವಾಗಿ ಸಾಕು. ಮನೆಯಲ್ಲಿ ಹೊಸ ವಿಂಡೋಸ್ ಇದ್ದವರಿಗೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಎಂಬ ಅನುಕೂಲವಿದೆ, ಮ್ಯಾಕ್ ಇದ್ದವರಿಗೆ ಟರ್ಮಿನಲ್ ಮೊದಲೇ ಇದೆ. ಇದು ಸಾಧ್ಯವೇ ಎಂಬ ಸಂದೇಹವಿದ್ದವರು ದೂರ ಹೋಗಬೇಕಾಗಿಲ್ಲ. ತಲಪಾಡಿ ದಾಟಿದರೆ ಸಿಗುವ ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದವು ಸೇರಿದಂತೆ, ಮಕ್ಕಳು ಲಿನಕ್ಸ್ ಆಧಾರಿತ ಕಂಪ್ಯೂಟರುಗಳಲ್ಲಿಯೇ ಕಲಿಯುತ್ತಿದ್ದಾರೆ. ಕೇರಳ ಸರಕಾರ ವರ್ಷಗಳ ಹಿಂದೆಯೇ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡಿತು. ಗಡಿಯ ಈಚೆಗಿನ ನಮ್ಮ ಮಕ್ಕಳಲ್ಲಿ ಬಿಸಿಎ ಓದುವವರಿಗೆ ಹೇಗೂ ಇದರ ಪರಿಚಯವಾಗುತ್ತದೆ. ನನ್ನ ಚಿಂತೆ ಬಿಕಾಂ, ಬಿಎ ಓದುವವರ, ಪಿಯುಸಿಗೇ ನಿಲ್ಲಿಸಿ ಕಚೇರಿಯ ಟೈಪಿಂಗ್ ಕೆಲಸಕ್ಕೆ ಬರುವ ಹುಡುಗಿಯರ ಕುರಿತು.

ಆದ್ದರಿಂದ ತರಗತಿ ನಡೆಸುವವರು ತಮ್ಮ ಪಟ್ಟಿಯ ಮೊದಲಿಗೆ ಇಪ್ಪತ್ತು ಗಂಟೆಯ ಕಮಾಂಡ್ ಲೈನ್ ಪಾಠವನ್ನು ಸೇರಿಸಬೇಕೆಂದೂ, ಕನ್ನಡದಲ್ಲಿ ಅದಕ್ಕೆ ಒಂದು ಸಣ್ಣ ಕೈಪಿಡಿ ಸಿದ್ಧಪಡಿಸಬೇಕೆಂದೂ ಕೋರುತ್ತೇನೆ. 'ಮ್ಯಾನ್' ಎಂಬ ಆಜ್ಞೆ ಕೊಡುವ ಇಂಗ್ಲಿಷ್ ವಿವರಣೆ ಹೊಸಬರಿಗೆ ಕಬ್ಬಿಣದ ಕಡಲೆ. ಸಾರ್ವಜನಿಕ ಗ್ರಂಥಾಲಯದವರು ಸಂಜೆ ಆರರಿಂದ ಏಳೂವರೆಯವರೆಗೆ ಒಂದು ಕೋಣೆ ಬಿಟ್ಟುಕೊಡುವುದಾದರೆ, ಲಿನಕ್ಸ್ ಹಾಕಿ ಸಿದ್ಧವಾಗಿರುವ ಮೂರು ಹಳೆಯ ಕಂಪ್ಯೂಟರುಗಳನ್ನು ನಮ್ಮ ಅಂಗಡಿಯಿಂದ ತಂದಿಡುತ್ತೇನೆ, ವಾರಕ್ಕೆ ಮೂರು ದಿನ ನಾನೂ ಆ ಹುಡುಗಿಯೂ ಬಂದು ಉಚಿತವಾಗಿ ಪಾಠ ಮಾಡುತ್ತೇವೆ. ಯುಪಿಎಸ್ ವ್ಯವಸ್ಥೆಯನ್ನು ಮಾತ್ರ ಅವರೇ ನೋಡಿಕೊಳ್ಳಬೇಕು. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆಂದು ಹೇಳಲು ಬರುವುದಿಲ್ಲ, ಸೇವ್ ಮಾಡದ ಫೈಲನ್ನು ಯಾವ ಆಜ್ಞೆಯೂ ತಂದುಕೊಡುವುದಿಲ್ಲ.

ಇತಿ,
ಡಿಟಿಪಿ ಅಂಗಡಿಯ ಓರ್ವ ಓದುಗಾರ್ತಿ,
ಉಡುಪಿ